ಕೈಯಿಂದ ಮಾಡಿದ ಹಳೆ ಎಲೆಕ್ಟ್ರಿಕ್ ಗಿಟಾರ್ ರಿಪೇರಿ: ಪಾಲಿಶ್ ಮೊದಲಾ, ಪಿಕಪ್ ಮೊದಲಾ, ನೆಕ್ ಮೊದಲಾ?

ತಂತಿ_ತಕರಾರು (ಕಲಬುರಗಿ):

ನಮಸ್ಕಾರ್ರಿ ಎಲ್ಲಾರಿಗೂ. ಕಂಪನಿ ಮಾಲಲ್ಲ, ಬಡಿಗ್ಯಾರ ಅಂಗಡ್ಯಾಗ ಕೈಯಿಂದ ಮಾಡಿದ ಎಲೆಕ್ಟ್ರಿಕ್ ಗಿಟಾರ್ ಒಂದು ರಿಪೇರಿಗಿ ಅದ. ಹೆಂಗದ ಅಂತ ಪೂರಾ ಬರೀತೀನಿ, ಎಲ್ಲಿಂದ ಸುರು ಮಾಡಬೇಕು ಜರಾ ಹೇಳ್ರಿ.

ಬಾಡಿ ಹಳೆ ಬಾಗಿಲಿನ ಸಾಗವಾನಿ, 44 ಮಿ.ಮೀ. ದಪ್ಪ. ನೆಕ್ (ಕೈ ಹಿಡಿಯೋ ಉದ್ದ ಕುತ್ತಿಗಿ) ಶೀಶಂ, ಒಂದೇ ತುಂಡು. ಮ್ಯಾಲ ಬ್ಯಾರೆ ಫಿಂಗರ್‌ಬೋರ್ಡ್ (ಬೆರಳು ಒತ್ತೋ ಪಟ್ಟಿ) ಹಚ್ಚಿಲ್ಲ, ಒಳಗ ನೆಕ್ಕಿನ ಬಾಗು ತಿದ್ದೋ ಸರಳು, ಅಂದ್ರ ಟ್ರಸ್ ರಾಡೂ ಇಲ್ಲ. ನಾಕು ಸ್ಕ್ರೂ ಹಾಕಿ ಬಾಡಿಗಿ ಕೂಡಿಸ್ಯಾರ. 20 ಫ್ರೆಟ್ (ನೆಕ್ಕಿನ ಮ್ಯಾಲಿನ ಅಡ್ಡ ಪಟ್ಟಿ) ಅವ, ಎಲ್ಲಾ ಹಿತ್ತಾಳಿ ತಂತಿದು. ಮೊದಲಿನ ಐದು ಫ್ರೆಟ್ಟಿನ ಮ್ಯಾಲ ಕಚ್ಚು ಬಿದ್ದಾವ, ಉಗುರು ಸಿಗಬೀಳ್ತದ. ಬಾಡಿ ಕಡಿ ತಂತಿ ಕೂಡೋ ಬ್ರಿಜ್ ಅಂದ್ರ ಕಿಟಕಿಗಿ ಹಾಕೋ ಅಲ್ಯೂಮಿನಿಯಂ ಎಲ್-ಪಟ್ಟಿ. ಅದರಾಗ ಆರು ತೂತು, ಅಷ್ಟ. ಹಿಂದ ಮುಂದ ಸರಸ್ಲಾಕ ಬರಂಗಿಲ್ಲ.

ತಂತಿ ಅಲುಗಾಟ ಹಿಡಿಯೋ ಪಿಕಪ್ ಎರಡು, ಎರಡೂ ಕೈಯಿಂದ ಸುತ್ತಿದ್ದು. ಒಂದು ವಾಲ್ಯೂಮ್, ಒಂದು ಟೋನ್, ನಡುವ ಮೂರು ಕಡಿ ಹೊಳ್ಳೋ ಸ್ವಿಚ್. ನೆಕ್ ಕಡಿ ಪಿಕಪ್ ಪೂರಾ ಸತ್ತದ. ಬ್ರಿಜ್ ಕಡೀದು ಬಾರಸ್ತದ, ಆದ್ರ ದನಿ ಕಂಬಳಿ ಹೊಚ್ಚಿದಂಗ ಬರ್ತದ. ಗುಂಯ್ ಅನ್ನೋ ಸಪ್ಪಳ ಒಂದ್ ಸಮ ಅದ, ತಂತಿ ಮುಟ್ಟಿದ್ರ ಕಮ್ಮಿ ಆಗ್ತದ.

12ನೇ ಫ್ರೆಟ್ ಹತ್ರ ದಪ್ಪ ತಂತಿ 4 ಮಿ.ಮೀ. ಎತ್ತರ ನಿಂತದ. ಅಲ್ಲಿ ಒತ್ತಿದ್ರ ಟ್ಯೂನರ್ 20 ಸೆಂಟ್‌ಗಿಂತ (ಅರ್ಧಸ್ವರದ ನೂರನೇ ಪಾಲು ಒಂದು ಸೆಂಟ್) ಜಾಸ್ತಿ ಮ್ಯಾಲ ತೋರಸ್ತದ. ತಲಿ ಕಡಿ, ನಟ್ (ಅಲ್ಲಿ ತಂತಿ ಕೂಡೋ ಸಣ್ಣ ಪಟ್ಟಿ) ಹಿಂದ, ಕೂದಲಂಥ ಸೀಳು ಅದ. ವಾರ್ನಿಶ್ ಕೈಗಿ ಅಂಟ್ತದ.

ವಿಚಾರ ಏನಂದ್ರ, ವಾರ್ನಿಶ್ ಪೂರಾ ಕೆರೆದು ಕರಿ ಬಣ್ಣ ಹೊಡೀಬೇಕು, ಹೊಸ ಪಿಕಪ್ ಸೆಟ್ ತರಸಬೇಕು. ಬರೋಬರಿ ಏನು?

ರಂಧಾ_ಉಳಿ (ಬೀದರ್):

ಬಣ್ಣ ಕಡೀಕ. ಪಿಕಪ್ಪೂ ಈಗ ತರಸಬ್ಯಾಡ್ರಿ. ಬ್ರಿಜ್ ತಪ್ಪು ಜಾಗಾದಾಗ ಇದ್ರ ಎಂಥಾ ಪಿಕಪ್ ಹಾಕಿದ್ರೂ ಬೇಸೂರ ದನಿನೇ ಜೋರಾಗಿ ಕೇಳ್ತದ, ಬ್ಯಾರೆ ಏನಿಲ್ಲ. ಕೈಯಿಂದ ಮಾಡಿದ ಗಿಟಾರಿಗಿ ಮೊದಲು ಅಳತಿ ಹಿಡೀಬೇಕು. ಅಳತಿ ಬಂದ ಮ್ಯಾಲೇ ಅದು ರಿಪೇರಿ ಮಾಲೋ, ಗ್ವಾಡಿಗಿ ತೂಗು ಹಾಕೋ ಮಾಲೋ ಗೊತ್ತಾಗ್ತದ.

ಸ್ಟೀಲ್ ಪಟ್ಟಿ ತಗೊಂಡು ನಟ್ಟಿನ ಮುಂದಿನ ಅಂಚಿನಿಂದ 12ನೇ ಫ್ರೆಟ್ಟಿನ ನಡುಮಧ್ಯಕ ಅಳೀರಿ, ಅರ್ಧ ಮಿ.ಮೀ. ತನಕ. ಅದರ ದುಪ್ಪಟ್ಟು ನಿಮ್ಮ ಸ್ಕೇಲ್, ಅಂದ್ರ ತಂತಿ ಬಾರಿಸೋ ಉದ್ದ. ಫೆಂಡರ್ ಕಂಪನಿ ನಮೂನಿದು ಇದ್ರ 324 ಬರಬೇಕು, ಅಂದ್ರ ಸ್ಕೇಲ್ 648. ಗಿಬ್ಸನ್ ನಮೂನಿ ಸ್ಕೇಲ್ 628ರ ಆಸುಪಾಸು ಇರ್ತದ. ಕೈಕೆಲಸದ್ದು ಎರಡೂ ಅಲ್ಲದ ನಂಬರ್ ಬಂದ್ರೂ ಚಿಂತಿ ಇಲ್ಲ, ಫ್ರೆಟ್ಟೂ ಬ್ರಿಜ್ಜೂ ಒಂದೇ ಸ್ಕೇಲಿಗಿ ಕೂತಿರಬೇಕು, ಅಷ್ಟ. ಅದಕ್ಕ 1, 5, 7, 12, 15, 20ನೇ ಫ್ರೆಟ್ಟಿನ ದೂರನೂ ಬರೀರಿ. ಎಲ್ಲಾ ನಟ್ಟಿನಿಂದಲೇ ಅಳೀರಿ. ಒಂದು ಫ್ರೆಟ್ಟಿನಿಂದ ಮುಂದಿನ ಫ್ರೆಟ್ಟಿಗಿ ಅಳಕೋತ ಹೋದ್ರ ಸಣ್ಣ ಸಣ್ಣ ತಪ್ಪು ಕೂಡಿ ಕಡೀಕ ದೊಡ್ಡದಾಗ್ತದ. ಆಮ್ಯಾಲ ನಟ್ಟಿನಿಂದ ಬ್ರಿಜ್ ಪಟ್ಟಿಗಿ, ಸಣ್ಣ ತಂತಿ ಕಡಿ ಒಂದು, ದಪ್ಪ ತಂತಿ ಕಡಿ ಒಂದು.

ಇನ್ನ ನೆಕ್ಕಿನ ಬಾಗು. ಇದನ್ನ ಎರಡು ಸಲ ಅಳೀಬೇಕು. ತಂತಿ ಸುರುತಿಗಿ ಬಿಗಿದಾಗ ದಪ್ಪ ತಂತಿನ 1ನೇ ಫ್ರೆಟ್ಟಿಗೂ 20ನೇ ಫ್ರೆಟ್ಟಿಗೂ ಒತ್ತಿ ಹಿಡೀರಿ. 7ನೇ ಫ್ರೆಟ್ಟಿನ ಮ್ಯಾಲ ತಂತಿಗೂ ಫ್ರೆಟ್ಟಿಗೂ ಎಷ್ಟು ಸಂದು ಅದ ನೋಡ್ರಿ. ಅಳೀಲಾಕ ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಹೊಂದಿಸೋ ಫೀಲರ್ ಗೇಜ್ ಸಾಕು. ತಂತಿ ಪೂರಾ ಸಡಿಲ ಬಿಟ್ಟು ಒಂದು ರಾತ್ರಿ ಇಟ್ಟು, ಮುಂಜಾನೆ ಉದ್ದ ಸ್ಟೀಲ್ ಪಟ್ಟಿ ಫ್ರೆಟ್ಟಿನ ಮ್ಯಾಲ ನಿಂದರಿಸಿ, ಕಚ್ಚು ಬೀಳದ ಜಾಗಾದಾಗ ಮತ್ತ ಅಳೀರಿ. ಎರಡರ ನಡುವಿನ ಫರಕ್ ತಂತಿ ಜಗ್ಗೋದರಿಂದ ಬಂದ ಬಾಗು. ತಂತಿ ಬಿಟ್ಟ ಮ್ಯಾಲೂ ಉಳಿದಿದ್ದು ಕಟಿಗಿ ಕಾಯಂ ಹಿಡಿದ ಬಾಗು. ಇಲಾಜ್ ಎರಡಕ್ಕೂ ಬ್ಯಾರೆ ಬ್ಯಾರೆ.

ಸೀಳಿಗಿ ಇವತ್ತೇ ಫೆವಿಕಾಲ್ ಸುರೀಬ್ಯಾಡ್ರಿ, ಮೊದಲು ತಂತಿ ಸಡಿಲ ಮಾಡ್ರಿ. ಬಿಗಿದಿಟ್ರ ಸೀಳು ಮುಂದ ಹೋಗ್ತದ.

ಬೆಸುಗೆ_ಹೊಗೆ (ಯಾದಗಿರಿ):

ಮರದ ಕೆಲಸ ಮೇಲಿನವರು ಹೇಳ್ತಾರೆ, ನಾನು ವೈರಿಂಗ್ ಬಗ್ಗೆ ಬರೀತೀನಿ. "ಕಂಬಳಿ ಹೊಚ್ಚಿದಂಗ" ಅಂದ ಕೂಡಲೇ ಅನುಮಾನ ಪಾಟ್ (ಗುಂಡಿಯ ಕೆಳಗಿನ ಪೊಟೆನ್ಷಿಯೋಮೀಟರ್) ಮೇಲೆ. ಹಿಂದಿನ ಪ್ಲೇಟ್ ಬಿಚ್ಚಿ ವಾಲ್ಯೂಮ್ ಮತ್ತು ಟೋನ್ ಪಾಟ್ ಬೆನ್ನ ಮೇಲೆ ಏನು ಬರೆದಿದೆ ನೋಡಿ. ರೇಡಿಯೋ, ಆಂಪ್ಲಿಫೈಯರ್ ರಿಪೇರಿಯ ಡಬ್ಬಿಯಿಂದ ಬಂದ 10ಕೆ (10 ಕಿಲೋಓಮ್) ಪಾಟ್ ಇರುವ ಸಾಧ್ಯತೆ ಬಹಳ. ಅದು ಆಂಪ್ಲಿಫೈಯರ್ ಒಳಗೆ ಸರಿ, ಗಿಟಾರ್ ಒಳಗೆ ಅಲ್ಲ. ಪಿಕಪ್ ಅಂದರೆ ಸಾವಿರಾರು ಸುತ್ತಿನ ಸುರುಳಿ. ಆವರ್ತನ ಏರಿದಷ್ಟೂ ಅದರ ತಡೆ ಏರುತ್ತದೆ. ಮುಂದೆ 10ಕೆ ಇಟ್ಟರೆ ಮೇಲಿನ ದನಿ ಸುರುಳಿಯೊಳಗೇ ಉಳಿದು, ಕೆಳಗಿನದ್ದು ಮಾತ್ರ ಹೊರಗೆ ಬರುತ್ತದೆ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ಪಿಗೆ 250ಕೆ, ಜೋಡಿ ಸುರುಳಿಯ ಹಂಬಕರ್‌ಗೆ 500ಕೆ ಬೇಕು. ವಾಲ್ಯೂಮ್‌ಗೆ ಲಾಗ್ ಟೇಪರ್, ಅಂದರೆ ಮೇಲೆ "ಎ" ಅಂತ ಇರುವುದು. "ಬಿ" ತಂದರೆ ಕೆಟ್ಟುಹೋಗೋದೇನಿಲ್ಲ, ಆದರೆ ವಾಲ್ಯೂಮ್ ಎಲ್ಲಾ ಕೊನೆಯ ಕಾಲು ಸುತ್ತಿನಲ್ಲೇ ಇಳಿದುಬಿಡುತ್ತದೆ.

ಟೋನ್ ಕೆಪಾಸಿಟರ್ ಮೇಲೆ 104 ಅಂತ ಇದ್ದರೆ ಅದು 0.1 ಮೈಕ್ರೋಫ್ಯಾರಡ್, ಜಾಸ್ತಿ ಆಯಿತು. ಸಿಂಗಲ್ ಕಾಯಿಲ್‌ಗೆ 473 (0.047), ಹಂಬಕರ್‌ಗೆ 223 (0.022). 10ಕೆ ಟೋನ್ ಪಾಟ್ ಜೊತೆಗೆ 104 ಇದ್ದರೆ, ಟೋನ್ ಗುಂಡಿ ಪೂರ್ತಿ ತಿರುವಿದರೂ ಕೆಪಾಸಿಟರ್ ಅರ್ಧ ಕೆಲಸದಲ್ಲೇ ಇರುತ್ತದೆ. ಎರಡು ಪಾಟ್, ಒಂದು ಕೆಪಾಸಿಟರ್ ಬದಲಿಸಿದರೆ ಹಳೆ ಪಿಕಪ್ಪೇ ಹೊಸದರ ಹಾಗೆ ಕೇಳಬಹುದು. ಹಾಗಾಗಿ ಸೆಟ್ ತರಿಸುವ ಮಾತು ಸ್ವಲ್ಪ ತಡೀರಿ.

ಸತ್ತ ಪಿಕಪ್ಪಿಗೆ: ಎರಡೂ ವೈರ್ ಸ್ವಿಚ್‌ನಿಂದ ಬಿಡಿಸಿ, ಮೀಟರನ್ನು 20ಕೆ ರೇಂಜಿಗೆ ಇಟ್ಟು ನೋಡಿ. ಮಾಮೂಲಿ ಸಿಂಗಲ್ ಕಾಯಿಲ್ 5.5ರಿಂದ 7 ಕಿಲೋಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಸುರುಳಿ ಎಲ್ಲೋ ಹರಿದಿದೆ. ಹರಿಯುವುದು ಹೆಚ್ಚಾಗಿ ತುದಿಯಲ್ಲೇ, ಕೂದಲಿನಂಥ ತಂತಿ ದಪ್ಪ ವೈರಿಗೆ ಬೆಸೆದ ಜಾಗದಲ್ಲಿ. ಬೆಸುಗೆಗೆ ಆ್ಯಸಿಡ್ ಪೇಸ್ಟ್ ಬಳಸಿದ್ದರೆ ಅದು ವರ್ಷಗಟ್ಟಲೆ ತಿಂದು ತಿಂದು ತಂತಿಯನ್ನು ಹಸಿರು ಪುಡಿ ಮಾಡಿರುತ್ತದೆ. ಭೂತಗನ್ನಡಿ ಹಿಡಿದು ಹೊರಗಿನ ತುದಿ ಹುಡುಕಿ, ಒಂದು ಸುತ್ತು ಬಿಚ್ಚಿ, ಎನಾಮೆಲ್ ಸುಟ್ಟು ಹೊಸದಾಗಿ ಬೆಸೆಯಿರಿ. ಒಳಗಿನ ತುದಿ ಹರಿದಿದ್ದರೆ ಮಾತ್ರ ಪೂರ್ತಿ ಮರುಸುತ್ತು.

ಮರುಸುತ್ತಿಗೆ ಬಂದರೆ ಒಂದು ನಂಬರ್ ಗೊಂದಲ ಇದೆ. ಪುಸ್ತಕ, ವಿಡಿಯೋಗಳಲ್ಲಿ "42 ಗೇಜ್" ಅಂತ ಇರುತ್ತದೆ, ಅದು ಅಮೆರಿಕದ ಎಡಬ್ಲ್ಯೂಜಿ, 0.063 ಮಿ.ಮೀ. ನಮ್ಮ ವೈಂಡಿಂಗ್ ಅಂಗಡಿಯಲ್ಲಿ 42 ಅಂದರೆ ಎಸ್‌ಡಬ್ಲ್ಯೂಜಿ ಕೊಡುತ್ತಾರೆ, 0.1 ಮಿ.ಮೀ. ಅದರಿಂದ ಸುತ್ತಿದರೆ ಅರ್ಧ ಸುತ್ತಿಗೇ ಬಾಬಿನ್ (ತಂತಿ ಸುತ್ತುವ ಉರುಳೆ) ತುಂಬಿಹೋಗುತ್ತದೆ. ಕೇಳಬೇಕಾದ್ದು ಎಸ್‌ಡಬ್ಲ್ಯೂಜಿ 46 (0.061 ಮಿ.ಮೀ.). ಬೋರ್‌ವೆಲ್ ಮೋಟರ್ ಸುತ್ತುವವರ ಹತ್ತಿರ ಇಷ್ಟು ತೆಳುವು ಇರೋದಿಲ್ಲ. ಹೈದರಾಬಾದಿನ ಕೋಠಿ, ಗುಜರಾತಿ ಗಲ್ಲಿ ಕಡೆ ಹೋಗುವವರಿದ್ದರೆ ಹೇಳಿ ತರಿಸಿ, ಪಾಟ್ ಕೂಡ ಅಲ್ಲೇ ವಿಚಾರಿಸಬಹುದು. ಒಂದು ಪಿಕಪ್ಪಿಗೆ 8,000 ಸುತ್ತು, ಸುಮಾರು 1,100 ಮೀಟರ್ ತಂತಿ ಬೇಕು. ಮುಗಿದಾಗ ಮೀಟರ್ 6 ಕಿಲೋಓಮ್ ಹತ್ತಿರ ತೋರಿಸಬೇಕು.

ಸುತ್ತಿದ ಮೇಲೆ ಮೇಣದಲ್ಲಿ ಅದ್ದಬೇಕು, ಇಲ್ಲದಿದ್ದರೆ ವಾಲ್ಯೂಮ್ ಏರಿಸಿದಾಗ ಸುತ್ತುಗಳೇ ನಡುಗಿ ಕೀಂಯ್ ಅನ್ನುತ್ತವೆ. ಮೇಣದಬತ್ತಿಯ ಪ್ಯಾರಾಫಿನ್ ನಾಲ್ಕು ಪಾಲು, ಜೇನುಮೇಣ ಒಂದು ಪಾಲು. ಪಾತ್ರೆಯನ್ನು ನೇರ ಉರಿಯ ಮೇಲೆ ಇಡಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇಡಿ. 65 ಡಿಗ್ರಿ ದಾಟದಂತೆ ನೋಡಿಕೊಂಡು, ಗುಳ್ಳೆ ಬರೋದು ನಿಲ್ಲುವ ತನಕ, ಹತ್ತು ಹದಿನೈದು ನಿಮಿಷ. ಇನ್ನೂ ಬಿಸಿ ಮಾಡಿದರೆ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ.

ಗುಂಯ್ ಸದ್ದು ತಂತಿ ಮುಟ್ಟಿದರೆ ಕಮ್ಮಿ ಆಗುತ್ತದೆ ಅಂದರೆ ಬ್ರಿಜ್ ಗ್ರೌಂಡ್ ವೈರ್ ಇದೆ, ಒಳಗಿನ ಗೂಡಿಗೆ ಕವಚ ಇಲ್ಲ. ತಾಮ್ರದ ಫಾಯಿಲ್ ಟೇಪ್ ಅಂಟಿಸಿ, ತುಂಡು ತುಂಡಿನ ಜೋಡಣೆಗೆಲ್ಲ ಒಂದೊಂದು ಚುಕ್ಕೆ ಬೆಸುಗೆ ಹಾಕಿ, ಪಾಟ್ ಬೆನ್ನಿಗೆ ವೈರ್ ಕೊಡಿ. ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಹಚ್ಚಿದರೆ ಬೆಸುಗೆ ಹಿಡಿಯೋದಿಲ್ಲ. ಪಾಟ್ ಬೆನ್ನಿಗೆ ಬೆಸೆಯುವಾಗ 25 ವ್ಯಾಟ್ ಐರನ್ ಸಾಲದು. ಮರಳುಕಾಗದದಿಂದ ಉಜ್ಜಿ 60 ವ್ಯಾಟಿನಲ್ಲಿ ಎರಡು ಮೂರು ಸೆಕೆಂಡಲ್ಲಿ ಮುಗಿಸಿ. ಸಣ್ಣ ಐರನ್ ಹಿಡಿದು ಅರ್ಧ ನಿಮಿಷ ಒತ್ತಿದರೆ ಒಳಗಿನ ಕಾರ್ಬನ್ ಪಟ್ಟಿ ಸುಡುತ್ತದೆ.

ಕವಚ ಹಾಕಿದರೂ ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಝರ್ ಅಂದರೆ ಅದು ಗಿಟಾರ್ ತಪ್ಪಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್, ಡಿಮ್ಮರ್‌ನಂಥ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಎರಡೂ ಸಿಂಗಲ್ ಕಾಯಿಲ್‌ಗೆ ಆಗದವು.

ತಂತಿ_ತಕರಾರು (ಕಲಬುರಗಿ):

ಅಳತಿ ತಗೊಂಡು ಬರೀಲಿಕತ್ತೀನಿ.

ನಟ್ಟಿನಿಂದ 1ನೇ ಫ್ರೆಟ್ 36, 5ನೇದು 161.5, 7ನೇದು 216, 12ನೇದು 322, 15ನೇದು 373, 20ನೇದು 441. ಬ್ರಿಜ್ ಎರಡೂ ಕಡಿ 641, ಪಟ್ಟಿ ಸೀದಾ ಅಡ್ಡ ಅದ. ಬಾಗು: ತಂತಿ ಬಿಗಿದಾಗ 1.1 ಮಿ.ಮೀ., ಒಂದು ರಾತ್ರಿ ಸಡಿಲ ಬಿಟ್ಟ ಮ್ಯಾಲ 0.8. ಈಗ 10-46 ಸೆಟ್ ತಂತಿ ಅದ (ಸಣ್ಣ ತಂತಿ, ದಪ್ಪ ತಂತಿ ದಪ್ಪ, ಇಂಚಿನ ಸಾವಿರದ ಲೆಕ್ಕದಾಗ). ನೆಕ್ ದಪ್ಪ 1ನೇ ಫ್ರೆಟ್ ಹತ್ರ 23 ಮಿ.ಮೀ. ಫ್ರೆಟ್ ಗಾಡಿ (ಫ್ರೆಟ್ ಕೂಡೋ ಸೀಳುಗಾಲುವಿ) ಹ್ಯಾಕ್‌ಸಾದಿಂದ ಕೊಯ್ದಂಗ ಕಾಣ್ತದ, ಅಗಲ ಅವ, ಹಿತ್ತಾಳಿ ತಂತಿ ಅರಾಲ್ಡೈಟ್‌ನ್ಯಾಗ ಕೂಡಿಸ್ಯಾರ.

ಪಾಟ್ ಖರೇನೇ 10ಕೆ, ಎರಡೂ. ಕೆಪಾಸಿಟರ್ 104. ಬ್ರಿಜ್ ಪಿಕಪ್ 1.3 ಕಿಲೋಓಮ್, ನೆಕ್ ಪಿಕಪ್ ಏನೂ ತೋರಸಂಗಿಲ್ಲ.

ಹೊಸ_ರಾಡ್ (ಹುಮನಾಬಾದ್):

1.1 ಮಿ.ಮೀ. ಬಾಗು ಅಂದ್ರ ಟ್ರಸ್ ರಾಡ್ ಇಲ್ಲದೆ ಆಗಂಗಿಲ್ಲ. ಎರಡೂ ಕಡಿ ಹೊಳ್ಳೋ ರಾಡ್ ಆನ್‌ಲೈನ್ ಸಿಗ್ತದ, 440 ಮಿ.ಮೀ. ಉದ್ದ. 6 ಮಿ.ಮೀ. ಅಗಲ, 9 ಮಿ.ಮೀ. ಆಳ ಗಾಡಿ ಹೊಡೆದು ಕೂಡಿಸಿ, ಮ್ಯಾಲ 6 ಮಿ.ಮೀ. ಬೀಟಿ ಫಿಂಗರ್‌ಬೋರ್ಡ್ ಅಂಟಿಸಿಬಿಡ್ರಿ. ಒಂದ್ ಸಲ ಮಾಡಿದ್ರ ಮುಂದ ಬ್ಯಾಸಗಿ ಮಳಿಗಾಲ ಯಾವುದಕ್ಕೂ ತ್ರಾಸಿಲ್ಲ.

ರಂಧಾ_ಉಳಿ (ಬೀದರ್):

ಹುಮನಾಬಾದ್ ಅಣ್ಣಾರು ಹೇಳಿದ್ದು ತಪ್ಪಲ್ಲ, ಆದ್ರ ಈ ಗಿಟಾರಿಗಿ ಜಾಸ್ತಿ ಆಯ್ತು. 6 ಮಿ.ಮೀ. ಬೋರ್ಡ್ ಏರಿಸಿದ್ರ ತಂತಿ 6 ಮಿ.ಮೀ. ಏರ್ತದ, ಆಮ್ಯಾಲ ಬ್ರಿಜ್ ಎತ್ತಬೇಕು, ಪಿಕಪ್ ಎತ್ತಬೇಕು, ಇಲ್ಲಂದ್ರ ನೆಕ್ ಕೂಡೋ ಗೂಡು 6 ಮಿ.ಮೀ. ಆಳ ಕೊರೀಬೇಕು. ನೆಕ್ 23 ಇದ್ದದ್ದು 29 ಆಗ್ತದ, ಅದನ್ನ ಇಳಿಸ್ಲಾಕ ಹಿಂದಿನಿಂದ 6 ಮಿ.ಮೀ. ಕೆತ್ತಬೇಕಾಗ್ತದ.

ಅಳತಿ ಏನ್ ಹೇಳ್ತದ ನೋಡ್ರಿ. ತಂತಿ ಬಿಟ್ಟ ಮ್ಯಾಲೂ 0.8 ಉಳಿದದ, ತಂತಿ ಜಗ್ಗಿದ್ದಕ್ಕ ಬಂದಿದ್ದು 0.3 ಅಷ್ಟ. ಅಂದ್ರ ನೆಕ್ ಗಟ್ಟಿನೇ ಅದ, ವರ್ಷಗಟ್ಟಲೆ ಬಿಗಿ ಹಿಡಿದು ಬಾಗು ಕಾಯಂ ಆಗ್ಯದ. ಆ 0.8ನ್ನ ಕಟಿಗಿಯಿಂದ ತಗದು ಬೋರ್ಡ್ ಸಪಾಟು ಮಾಡಿದ್ರ, ತಂತಿ ಹಾಕಿದಾಗ 0.3 ತಾನೇ ಬರ್ತದ. ಗಿಟಾರಿಗಿ ಬೇಕಾದ ಬಾಗು 0.15ರಿಂದ 0.3. ರಾಡ್ ಮಾಡೋ ಕೆಲಸ ತಂತಿನೇ ಮಾಡ್ತದ. 10-46 ಬಿಟ್ಟು 9-42 ಹಾಕಿದ್ರ ಒಟ್ಟು ಎಳೆತ 46 ಕೆ.ಜಿ. ಇದ್ದದ್ದು 38ರ ಹತ್ರ ಇಳೀತದ, ಬಾಗು 0.25ಕ್ಕ ನಿಲ್ತದ. ಇನ್ನೇನ್ ಬೇಕು?

ಈಗ ಫ್ರೆಟ್. ನಿಮ್ಮ ಸ್ಕೇಲ್ 644. ಅದಕ್ಕ ಬರಬೇಕಾದ ದೂರ, ನಟ್ಟಿನಿಂದ, ಮಿ.ಮೀ. ಲೆಕ್ಕದಾಗ, 1ರಿಂದ 20ರ ತನಕ ಸಾಲಾಗಿ: 36.1, 70.3, 102.5, 132.9, 161.5, 188.6, 214.2, 238.3, 261.1, 282.6, 302.9, 322.0, 340.1, 357.1, 373.2, 388.4, 402.8, 416.3, 429.1, 441.2. ಲೆಕ್ಕ ತಾವೂ ಮಾಡಬಹುದು: ಸ್ಕೇಲನ್ನ 17.817ರಿಂದ ಭಾಗಿಸಿದ್ರ 1ನೇ ಫ್ರೆಟ್, ಉಳಿದ ಉದ್ದಾನ ಮತ್ತ 17.817ರಿಂದ ಭಾಗಿಸಿದ್ರ ಮುಂದಿಂದು.

ಮಾಡಿದಾತ ಹುಷಾರ್ ಮನಷಾ. ನೀವು ಅಳೆದಿದ್ರಾಗ 7ನೇದೊಂದೇ ತಪ್ಪ್ಯಾದ, ಗುರ್ತು ಹಾಕುವಾಗ ಪಟ್ಟಿ ಜಾರಿರಬೇಕು. 1.8 ಮಿ.ಮೀ. ಮುಂದ ಹೋಗ್ಯದ, ಅದರಿಂದ ಸುರ 7 ಸೆಂಟ್ ಏರ್ತದ. ಒಂದೊಂದೇ ತಂತಿ ಬಾರಿಸಿದ್ರ ಗೊತ್ತಾಗಂಗಿಲ್ಲ, ಕಾರ್ಡ್ ಹಿಡಿದಾಗ ಕಿವಿಗಿ ಚುಚ್ತದ. ಇನ್ನೂ ಅಳತಿ ತಗೊಳ್ಳದ ಫ್ರೆಟ್ಟೂ ಈ ಸಾಲಿಗಿ ಹಚ್ಚಿ ನೋಡಿಬಿಡ್ರಿ.

ಹಿತ್ತಾಳಿ ಫ್ರೆಟ್ ಉಜ್ಜಿ ಸಮ ಮಾಡೋ ಆಸೆ ಬಿಡ್ರಿ. ಹಿತ್ತಾಳಿ ಮೆತ್ತಗ, ಸ್ಟೀಲ್ ತಂತಿಗಿ ಮತ್ತ ಕಚ್ಚು ಬೀಳ್ತದ. ನಿಕ್ಕಲ್ ಸಿಲ್ವರ್ ಫ್ರೆಟ್ ವೈರ್ ಹಾಕ್ರಿ (ಹೆಸರಿಗಿ ಸಿಲ್ವರ್, ಒಳಗ ತಾಮ್ರ, ನಿಕ್ಕಲ್, ಸತು, ಬೆಳ್ಳಿ ಗುಂಜಿಯಷ್ಟೂ ಇಲ್ಲ). 20 ಫ್ರೆಟ್ಟಿಗಿ ಒಂದೂಕಾಲು ಮೀಟರ್ ಹತ್ತದು, ಒಂದೂವರೆ ತರಸ್ರಿ, ಎರಡ್ಮೂರು ಸೊಟ್ಟ ಆಗೇ ಆಗ್ತಾವ.

ಹಳೇದು ತಗೀಬೇಕಾದ್ರ ಫ್ರೆಟ್ ಮ್ಯಾಲ ಸೋಲ್ಡರಿಂಗ್ ಐರನ್ ಇಟ್ಟು ಕಾಸ್ರಿ. ಅರಾಲ್ಡೈಟ್ ಮೆತ್ತಗಾಗ್ತದ, ಆಮ್ಯಾಲ ಬಾಯಿ ಸಪಾಟು ತಿಕ್ಕಿದ ಕಟರ್‌ದಿಂದ ಒಂದ್ ಕಡೀಂದ ಸಾವಕಾಶ ಹಿಸುಕ್ಕೋತ ಹೋಗ್ರಿ. ಮ್ಯಾಲಕ್ಕ ಜಗ್ಗಿದ್ರ ಶೀಶಂ ಚಕ್ಕಿ ಎದ್ದು ಬರ್ತದ. ಹ್ಯಾಕ್‌ಸಾ ಗಾಡಿ 1 ಮಿ.ಮೀ. ಹತ್ರ ಅಗಲ ಇರ್ತದ. ಹೊಸ ಫ್ರೆಟ್ಟಿಗಿ 0.6 ಸಾಕು. ಅದಕ್ಕ ಎಲ್ಲಾ ಗಾಡಿಗಿ ತೆಳ್ಳನ ಶೀಶಂ ಪಟ್ಟಿ ಅಂಟಿಸಿ ಮುಚ್ಚಿಬಿಡ್ರಿ. ಅಂಟಿಸೋ ಮುಂಚೆ ಗಾಡಿ ಒಳಗ ಅಸಿಟೋನ್ ಹಚ್ಚಿ ಒರಸ್ರಿ, ಶೀಶಂ ಎಣ್ಣಿ ಕಟಿಗಿ, ಅಂಟು ಬಿಡ್ತದ. ಬಾಡಿ ಸಾಗವಾನಿಗೂ ಇದೇ ಮಾತು.

ಮುಚ್ಚಿದ ಮ್ಯಾಲ ಸಪಾಟು ಮಾಡೋದು, ಅದಕ್ಕ ಮುಂಚೆ ಅಲ್ಲ. 10 ಅಥವಾ 12 ಮಿ.ಮೀ. ದಪ್ಪ ಗ್ಲಾಸಿನ ಪಟ್ಟಿ, 450 ಉದ್ದ, 60 ಅಗಲ, ಗ್ಲಾಸ್ ಅಂಗಡ್ಯಾಗ ಕೊಯ್ಸಿ ತರ್ರಿ. ಅದಕ್ಕ ಮರಳುಕಾಗದ ಅಂಟಿಸಿ 80, 120, 220, 320 ಹಿಂಗ ತಿಕ್ಕ್ರಿ. ಯಾರಾದ್ರೂ ಪಾಲಿಶ್ ಶಹಾಬಾದ್ ಫರ್ಸಿ ಸಾಕು ಅಂದ್ರ ಕೇಳಬ್ಯಾಡ್ರಿ. ಕಣ್ಣಿಗಿ ಸಪಾಟು ಕಾಣ್ತದ, ಗ್ಲಾಸ್ ಇಟ್ಟು ನೋಡಿದ್ರ ನಡುವ ಬೆಳಕು ಹಾಯ್ತದ. ತಿಕ್ಕೋಕಿಂತ ಮೊದಲು ಪೂರಾ ಬೋರ್ಡಿನ ಮ್ಯಾಲ ಪೆನ್ಸಿಲ್ ಗೀಟು ಹಾಕ್ರಿ. ಎರಡು ತುದಿ ಮೊದಲು ಅಳೀತಾವ, ನಡುವಿನ ಗೀಟು ಕಡೀಕ. ನಡುವಿಂದು ಅಳಿದ ದಿನ ಕೆಲಸ ಆಯ್ತು, ಮುಂದ ಒಂದು ಎಳೀನೂ ತಿಕ್ಕಬ್ಯಾಡ್ರಿ. ನಟ್ ಕಡಿ 0.8 ಹೋಗಿ ನೆಕ್ 22.2 ಉಳೀತದ.

ಆಮ್ಯಾಲ ಮ್ಯಾಲಿನ ಸಾಲಿನ ಪ್ರಕಾರ ಗುರ್ತು ಹಾಕಿ 0.6ರ ಗರಗಸದಿಂದ 2 ಮಿ.ಮೀ. ಆಳ ಕೊಯ್ರಿ. ಫ್ರೆಟ್ ಬಡಿದು ಕೂಡ್ಸಿ, ನೆತ್ತಿ ಮ್ಯಾಲ ಮಾರ್ಕರ್ ಬಳದು, ಅದೇ ಗ್ಲಾಸಿಗಿ 400 ಕಾಗದ ಹಚ್ಚಿ ಹಗುರಕ ಎಳೀರಿ. ಎಲ್ಲಾ ನೆತ್ತಿ ಮ್ಯಾಲ ಕೂದಲಗೀಟು ಬಂದ್ರ ಸಾಕು. ಮೂರು ಮೂಲಿ ಅರದಿಂದ ದುಂಡಗ ಮಾಡಿ 600, 1000. ಸ್ಟೀಲ್ ವುಲ್ ಹಿಡಿಯೋ ಹಂಗಿದ್ರ ನೆಕ್ ಬಿಚ್ಚಿ ಬ್ಯಾರೆ ಕಡಿ ಒಯ್ದು ಮಾಡ್ರಿ, ಅದರ ಪುಡಿ ಪಿಕಪ್ ಅಯಸ್ಕಾಂತಕ ಹತ್ತಿದ್ರ ಜನ್ಮಕ್ಕ ಬಿಡಂಗಿಲ್ಲ.

ಬ್ರಿಜ್ ಈಗ 641ಕ್ಕ ಅದ. ಸ್ಕೇಲಿಗಿಂತ 3 ಮುಂದ, ಇಷ್ಟಕ್ಕೇ 12ನೇ ಫ್ರೆಟ್ ಸುರ 8 ಸೆಂಟ್ ಏರ್ತದ. ಉಳಿದಿದ್ದು 4 ಮಿ.ಮೀ. ಎತ್ತರದಿಂದ ಒತ್ತಿ ಹಿಗ್ಗಿಸಿದ್ದರ ಪಾಪ. ಆರು ಸ್ಯಾಡಲ್ (ಒಂದೊಂದು ತಂತಿ ಕೂಡೋ ತುಂಡು) ಬ್ಯಾರೆ ಬ್ಯಾರೆ ಸರಿಯೋ ಹಾರ್ಡ್‌ಟೇಲ್, ಅಂದ್ರ ಬಾಡಿಗಿ ಗಟ್ಟಿ ಕೂಡೋ ಬ್ರಿಜ್ ತರಸ್ರಿ. ಸಣ್ಣ ತಂತಿ ಸ್ಯಾಡಲ್ ಪೂರಾ ಮುಂದ ತಂದು, ಜರಾ ಒಂದೆರಡು ಮಿ.ಮೀ. ಹಿಂದ ಬಿಟ್ಟು, ಅದು 645ಕ್ಕ ನಿಲ್ಲೋ ಹಂಗ ಬ್ರಿಜ್ ಕೂಡಸ್ರಿ. ದಪ್ಪ ತಂತಿ 647, 648ಕ್ಕ ಬಂದು ನಿಲ್ತದ. ಹಳೆ ಸ್ಕ್ರೂ ತೂತಿಗಿ ಸಾಗವಾನಿ ಗೂಟ ಬಡದು ಮುಚ್ಚ್ರಿ. ಗ್ರೌಂಡ್ ವೈರ್ ಬ್ರಿಜ್ ಕೆಳಗ ಮತ್ತ ಸಿಗಸೋದು ಮರೀಬ್ಯಾಡ್ರಿ.

ಸೀಳಿಗಿ ಅರಾಲ್ಡೈಟ್, ನಿಧಾನ ಗಟ್ಟಿಯಾಗೋ ಸ್ಟ್ಯಾಂಡರ್ಡ್ ನಮೂನಿದು. ಹೇರ್ ಡ್ರೈಯರ್‌ದಿಂದ ಸೀಳು ಜರಾ ಬೆಚ್ಚಗ ಮಾಡಿ ಸುರುವಿದ್ರ ನೀರಿನಂಗ ಒಳಗ ಇಳೀತದ. ಕ್ಲಾಂಪ್ ಹಾಕಿ 24 ತಾಸು ಬಿಡ್ರಿ. ಬಿಳಿ ಅಂಟು ತಗಡಿನ ಮನ್ಯಾಗ, ನಮ್ಮ ಕಡಿ ಮೇ ತಿಂಗಳ ಝಳಕ್ಕ ಮೆತ್ತಗಾಗಿ ಎಳೆತಕ್ಕ ಜಾರ್ತದ.

ಬೆಸುಗೆ_ಹೊಗೆ (ಯಾದಗಿರಿ):

1.3 ಕಿಲೋಓಮ್ ಅಂದರೆ ಮೇಲೆ ಹೇಳಿದ ನಂಬರ್ ಗೊಂದಲವೇ ಇಲ್ಲೂ ಆಗಿದೆ: 0.1 ಮಿ.ಮೀ. ತಂತಿ, ಸುಮಾರು 4,000 ಸುತ್ತು. ಕೆಟ್ಟಿಲ್ಲ. ದನಿ ಮೆಲ್ಲಗೆ, ಆದರೆ ತಿಳಿಯಾಗಿ ಬರುವ ಪಿಕಪ್ ಅದು. 250ಕೆ ಪಾಟ್ ಹಾಕಿ ಮೊದಲು ಕೇಳಿ. ತೀರಾ ಮೆಲ್ಲಗೆ ಅನ್ನಿಸಿದರೆ ತಂತಿಗೆ ಹತ್ತಿರ ತನ್ನಿ, ಕೊನೆ ಫ್ರೆಟ್ ಒತ್ತಿದಾಗ 2 ಮಿ.ಮೀ. ಸಂದು ಇರಲಿ. ಇನ್ನೂ ಹತ್ತಿರ ಹೋದರೆ ಅಯಸ್ಕಾಂತ ದಪ್ಪ ತಂತಿಯನ್ನು ಎಳೆದು ಸುರ ಅಲುಗಿಸುತ್ತದೆ.

ನೆಕ್ ಪಿಕಪ್ ಮರುಸುತ್ತುವುದಾದರೆ ಪೂರ್ತಿ 8,000 ಹೋಗಬೇಡಿ, ಬ್ರಿಜ್ ಪಿಕಪ್ಪನ್ನು ಮುಳುಗಿಸಿಬಿಡುತ್ತದೆ. ನೆಕ್ ಹತ್ತಿರ ತಂತಿಯ ಅಲುಗಾಟವೇ ಜಾಸ್ತಿ. ಅಲ್ಲಿಗೆ 0.061ರಲ್ಲಿ 5,000 ಸುತ್ತು ಸಾಕು, ಪಿಕಪ್ಪನ್ನು ಸ್ವಲ್ಪ ಕೆಳಗೂ ಇಳಿಸಿ. ಎರಡೂ ಒಟ್ಟಿಗೆ ಹಾಕಿದಾಗ ದನಿ ತೆಳ್ಳಗೆ, ಮೂಗಿನಿಂದ ಬಂದ ಹಾಗೆ ಕೇಳಿದರೆ ಒಂದರ ಎರಡು ವೈರ್ ಅದಲು ಬದಲು ಮಾಡಿ.

ಸ್ಟೇಜ್_ಅರ್ಥಿಂಗ್ (ಶಹಾಪುರ):

ಒಂದು ಮಾತು ಯಾರೂ ಬರೆದಿಲ್ಲ. ಬ್ರಿಜ್ ಗ್ರೌಂಡ್ ಇರುವ ಗಿಟಾರಿನಲ್ಲಿ ತಂತಿ ಅಂದರೆ ಆಂಪ್ಲಿಫೈಯರ್ ಚಾಸಿ (ಅದರ ಲೋಹದ ಮೈ) ಇದ್ದ ಹಾಗೆ. ಆಂಪ್ ಪ್ಲಗ್ಗಿನ ಅರ್ಥ್ ಪಿನ್ ಮುರಿದಿದ್ದರೆ, ಅಥವಾ ಗುಂಯ್ ಕಮ್ಮಿ ಆಗಲಿ ಅಂತ ಯಾರಾದರೂ ಕತ್ತರಿಸಿದ್ದರೆ, ಆ ಚಾಸಿಗೆ ಬಂದ ಕರೆಂಟ್ ನೇರ ಬೆರಳಿಗೆ. ಗಣಪತಿ ಪೆಂಡಾಲ್‌ನಲ್ಲಿ ಹಾಡುಗಾರರ ತುಟಿಗೆ ಮೈಕ್ ಹೊಡೆಯೋದು ಇದರಿಂದಲೇ: ಮೈಕ್ ಒಂದು ಲೈನಿನಿಂದ, ಗಿಟಾರ್ ಆಂಪ್ ಇನ್ನೊಂದು ಮನೆ ಲೈನಿನಿಂದ. ಮೀಟರನ್ನು ಎಸಿ ವೋಲ್ಟಿನ ಅತಿ ದೊಡ್ಡ ರೇಂಜಿಗೆ ಇಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕ್ ಜಾಲರಿಗೆ ಹಿಡಿಯಿರಿ. ನಾಲ್ಕೈದು ವೋಲ್ಟ್ ದಾಟಿದರೆ ನುಡಿಸಬೇಡಿ. ಎರಡನ್ನೂ ಅರ್ಥ್ ಇರುವ ಒಂದೇ ಬೋರ್ಡಿಗೆ ಹಾಕಿ, ಅದಕ್ಕೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರಲಿ. ವೈರಿಂಗ್ ಮುಗಿದ ಮೇಲೆ ತಂತಿಯಿಂದ ಜ್ಯಾಕಿನ ಹೊರಬಳೆಗೆ ಮೀಟರ್ 1 ಓಮ್ ಒಳಗೆ ತೋರಿಸಬೇಕು.

ತಂತಿ_ತಕರಾರು (ಕಲಬುರಗಿ):

ಭಾಳ ಉಪಕಾರ ಆಯ್ತ್ರಿ. ಹೊಸ ಪಿಕಪ್ ಸೆಟ್ ಕ್ಯಾನ್ಸಲ್. ಎರಡು ಪ್ರಶ್ನಿ ಉಳದಾವ. ವಾರ್ನಿಶ್ ಏನ್ ಮಾಡ್ಲಿ? ನಟ್ ಈಗ ಪ್ಲಾಸ್ಟಿಕ್ ಅದ, ಬೋರ್ಡ್ ಇಳಿಸಿದ ಮ್ಯಾಲ ಅದೇ ನಡೀತದೇನು?

ರಂಧಾ_ಉಳಿ (ಬೀದರ್):

ವಾರ್ನಿಶ್ ಯಾವುದಂತ ಮೊದಲು ಹಿಂದಿನ ಪ್ಲೇಟ್ ಕೆಳಗ ನೋಡ್ರಿ. ಅರಿವಿಗಿ ಸ್ಪಿರಿಟ್ ಹಚ್ಚಿ ತಿಕ್ಕಿದ್ರ ಕರಗಿದ್ರ ಅರಗಿನ ಪಾಲಿಶ್. ಥಿನ್ನರಿಗಿ ಕರಗಿದ್ರ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್. ಎರಡಕ್ಕೂ ಜಗ್ಗದಿದ್ರ ಎಣ್ಣಿ ವಾರ್ನಿಶೋ ಪಿಯುನೋ (ಪಾಲಿಯುರೆಥೇನ್). ಅರಗು ಇದ್ರ ಕೆರಿಯೋದೇ ಬ್ಯಾಡ: ಬೆವರು ಜಿಡ್ಡು ಒರಸಿ, 100 ಗ್ರಾಂ ಅರಗಿನ ಚಕ್ಕಿ 600 ಮಿ.ಲೀ. ಸ್ಪಿರಿಟ್‌ನ್ಯಾಗ ಒಂದು ರಾತ್ರಿ ನೆನಸಿ, ಸೋಸಿ, ಅರಿವಿ ಉಂಡಿಯಿಂದ ತೆಳ್ಳಗ ಐದಾರು ಕೈ ಹೊಡೀರಿ. ಹಳೇದಕ್ಕೂ ಹೊಸದಕ್ಕೂ ಬೆಸುಗಿ ಆಗ್ತದ. ಮಳಿ ದಿನ ಹೊಡೆದ್ರ ಬೆಳ್ಳಗ ಮಬ್ಬು ಹಿಡೀತದ, ಒಣ ದಿನ ಹಿಡೀರಿ. ಸಾಗವಾನಿಗಿ ಕರಿ ಬಣ್ಣ ಹೊಡೆಯೋದು ನಿಮ್ಮಿಷ್ಟ, ನಮ್ಮ ಕೈಯಂತೂ ಏಳಂಗಿಲ್ಲ. ಕರಿ ಬೇಕೇ ಬೇಕಂದ್ರ ಪಾಟ್ ಮ್ಯಾಲಿನ ತಟ್ಟಿ ಬಿದ್ರಿದು ಮಾಡಿಸ್ರಿ. ಸತು-ತಾಮ್ರದ ಎರಕ, ಅಯಸ್ಕಾಂತಕ್ಕ ಹತ್ತಂಗಿಲ್ಲ, ಕವಚದ ಕೆಲಸನೂ ಮಾಡ್ತದ. ಪಾಟ್ ತೂತು ಎರಕದಾಗೇ ಬಿಡ್ಲಾಕ ಹೇಳ್ರಿ. ಎರಕದ ಸತು ಬಾಗಂಗಿಲ್ಲ, ಸೀದಾ ಸೀಳ್ತದ. ಅದಕ್ಕ ಸ್ಕ್ರೂ ಭಾಳ ಬಿಗೀಬ್ಯಾಡ್ರಿ.

ಪ್ಲಾಸ್ಟಿಕ್ ನಟ್ ನಡಿಯಂಗಿಲ್ಲ. ಎಲುಬಿಂದು ಹಾಕ್ರಿ. ಮಿರಜದ ಸಿತಾರ್ ಕೆಲಸದವರ ಕಡಿ ತುಂಡು ಸಿಗಬಹುದು. ಇಲ್ಲಂದ್ರ ಎಮ್ಮಿ ಕಾಲೆಲುಬು ಕುದಿಸಿ, ಜಿಡ್ಡು ಹೋಗೋತನಕ ಸೋಪಿನ ನೀರಾಗ ಇಟ್ಟು, ಪೂರಾ ಒಣಗಿಸಿ ಕೊಯ್ದುಕೊಳ್ರಿ. 42 ಮಿ.ಮೀ. ಅಗಲದ ನಟ್ಟಿಗಿ ಮೊದಲ ತಂತಿಯಿಂದ ಆರನೇದಕ್ಕ 35 ಸಾಕು, ಎರಡೂ ಅಂಚಿಗಿ 3.5 ಉಳೀತದ. ಗಾಡಿ ಎಷ್ಟು ಆಳ ಅನ್ನೋದು ಹಿಂಗ ನೋಡ್ರಿ: 3ನೇ ಫ್ರೆಟ್ ಹಿಂದ ಒತ್ತಿ ಹಿಡಿದಾಗ 1ನೇ ಫ್ರೆಟ್ ಮ್ಯಾಲ ಒಂದು ಕಾಗದದಷ್ಟು ಸಂದು, 0.1ರಿಂದ 0.2. ಗಾಡಿ ತಲಿ ಕಡಿ ಇಳಿಜಾರು ಇರಬೇಕು, ಇಲ್ಲಂದ್ರ ಸಿತಾರದ ಜವಾರಿಯಂಗ ಝೀಂಯ್ ಅಂತದ. 12ನೇ ಫ್ರೆಟ್ ಹತ್ರ ಸಣ್ಣ ತಂತಿ 1.5, ದಪ್ಪದ್ದು 2 ಮಿ.ಮೀ. ಬಂದ್ರ ಚೊಲೋ.

ಹೊಸ ತಂತಿ ಹಾಕಿದ ದಿನಾನೇ ನಟ್ ಕಡೀ ಅಳತಿಗಿ ಇಳಿಸಬ್ಯಾಡ್ರಿ. ಎರಡು ದಿನ ಸುರುತಿಗಿ ಬಿಗಿದಿಟ್ಟು, 7ನೇ ಫ್ರೆಟ್ ಬಾಗು ಮತ್ತ ಅಳದು, ಆಮ್ಯಾಲ ಅರ ಹಿಡೀರಿ. ಇನ್ನ ಫ್ರೆಟ್ ಅಂಚು: ಈ ಕೆಲಸ ಮಳಿಗಾಲದಾಗ ಮಾಡಿದ್ರ ಬ್ಯಾಸಗ್ಯಾಗ ಕಟಿಗಿ ಸಣ್ಣಾಗಿ ಅಂಚು ಹೊರಗ ಬಂದು ಅಂಗೈಗಿ ಚುಚ್ತಾವ. ಏಪ್ರಿಲ್ ಮುಗಿದ ಮ್ಯಾಲ ಒಂದ್ ಸಲ ಉದ್ದಕ್ಕ ಅರ ಎಳೀರಿ.